ಎಡೆ ಮುಟ್ಟಿದ್ದು ಯಾವ ಹಕ್ಕಿ

ಹಕ್ಕಿಗಳನ್ನು ಗುರುತಿಸಲು ಯಾವ ಪುಸ್ತಕ ಕೊಳ್ಳಬೇಕು ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ತಿರುಗಿ ಕೇಳುವ ಮೊದಲ ಪ್ರಶ್ನೆ, ‘ನಿಮ್ಮದು ಊಟ ಆಯ್ತಾ?’ ಊಟ ಆಗಿದ್ದರೆ ಸಾವಕಾಶವಾಗಿ ಪುಟ ತಿರುವಿ ನೋಡಿ ಒಳ್ಳೆಯದನ್ನೇ ಕೊಳ್ಳಿ. ಆಗಿಲ್ಲದಿದ್ದರೆ ದಯವಿಟ್ಟು ಆ ಅಂಗಡಿಯ ಕಡೆ ತಲೆ ಹಾಕಬೇಡಿ. ನಮ್ಮ ಅಕ್ಕನ ಗಂಡ ನಂದೀಶ್ ಭಾವ ಹೋದ ಮಹಾಲಯ ಅಮಾವಾಸ್ಯೆಯ ದಿನ ಖಾಲಿ ಹೊಟ್ಟೆಯಲ್ಲಿ ಅಂಥದೊಂದು ಪುಸ್ತಕ ಕೊಳ್ಳಲು ಹೋದರು. ಹೋಗುವವರು ಒಬ್ಬರೇ ಹೋಗಬಹುದಿತ್ತು. ಎಲೆಯ ಮುಂದೆ ಕೂತಿದ್ದ ನನ್ನನ್ನೂ ಎಬ್ಬಿಸಿಕೊಂಡು ಹೋದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಭಾವ ಕೆಲಸ ಮಾಡುವುದು ಅರಣ್ಯ ಇಲಾಖೆಯಲ್ಲಿ. ಇದು ನಿಜ. ಮಲ್ಲೇಶ್ವರದ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತು ನಿವೃತ್ತರಾದವರ ಪೆನ್ಷನ್ ಫೈಲು ನೋಡುತ್ತಾರೆ. ಇದೂ ನಿಜ. ಆದರೆ ನಮ್ಮ ನೆಂಟರಿಗೆ ಮೊದಲನೆಯ ನಿಜವೇ ಸಾಕಾಯಿತು. ಎರಡನೆಯದನ್ನು ಅವರು ಕೇಳಲಿಲ್ಲ, ಭಾವ ಹೇಳಲೂ ಇಲ್ಲ. ಯಾರದೋ ಬಚ್ಚಲಿಗೆ ಹಾವು ಬಂದರೆ ಭಾವನಿಗೆ ಫೋನು. ಬಾಗಿಲು ಹಾಕಿಕೊಂಡು ಹೊರಗೆ ಇರಿ ಎಂದು ಭಾವ ಗಂಭೀರವಾಗಿ ಹೇಳುತ್ತಾರೆ, ಹಾವು ತನ್ನ ಪಾಡಿಗೆ ತಾನು ಹೋಗುತ್ತದೆ, ಭಾವನ ಹೆಸರು ಇನ್ನಷ್ಟು ಮೇಲೇರುತ್ತದೆ. ಒಬ್ಬರು ಸಾಕಿದ ಗಿಳಿಯನ್ನು ಪಂಜರ ಸಮೇತ ತಂದು ಇದು ಗಂಡೋ ಹೆಣ್ಣೋ ಎಂದು ಕೇಳಿದಾಗ, ಭಾವ ಬಹಳ ಹೊತ್ತು ಅದರ ಮುಖ ನೋಡಿ, ‘ಇನ್ನೂ ಚಿಕ್ಕದು’ ಎಂದು ಹೇಳಿ ಕಳಿಸಿದ್ದರು. ಕಾಡನ್ನು ಅವರು ನೋಡಿರುವುದು ಇಲಾಖೆಯ ಕ್ಯಾಲೆಂಡರಿನಲ್ಲಿ ಮಾತ್ರ.

ಆ ವರ್ಷದ ಆರಂಭದಲ್ಲಿ ಭಾವನ ತಾಯಿ ಸರಸ್ವತಮ್ಮ ತೀರಿಕೊಂಡರು. ಆ ದುಃಖದ ನಡುವೆಯೇ ಭಾವನಿಗೂ ಅವರ ತಮ್ಮ ರವಿಕುಮಾರನಿಗೂ ಜಗಳ ಆಯಿತು. ಆಸ್ತಿಗಲ್ಲ, ಒಡವೆಗಲ್ಲ. ಬೀದಿಯಲ್ಲಿ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸಿಗೆ ಅಮ್ಮನ ಯಾವ ಫೋಟೋ ಹಾಕಬೇಕು ಎಂದು. ರವಿ ಒಂದು ಮದುವೆಯ ಫೋಟೋ ತಂದ. ಅದರಲ್ಲಿ ಸರಸ್ವತಮ್ಮ ಬೀಡಾ ಹಾಕಿಕೊಂಡು ಬಾಯಿ ತುಂಬ ನಗುತ್ತಿದ್ದರು. ಸತ್ತವರು ಹಾಗೆಲ್ಲ ನಗಬಾರದು, ನೋಡಿದವರು ಏನಂದುಕೊಳ್ಳುತ್ತಾರೆ ಎಂದು ಭಾವ ವೋಟರ್ ಕಾರ್ಡಿನ ಫೋಟೋವನ್ನೇ ಹಿಡಿದು ಕೂತರು. ಅದರಲ್ಲಿ ಆಕೆ ಪೊಲೀಸ್ ಸ್ಟೇಷನ್ನಿಗೆ ದೂರು ಕೊಡಲು ಬಂದವರ ಹಾಗಿದ್ದರು. ಅಣ್ಣ ಒಪ್ಪಲಿಲ್ಲ, ತಮ್ಮ ಬಿಡಲಿಲ್ಲ. ಬೀದಿಯ ಈ ತುದಿಗೊಂದು, ಆ ತುದಿಗೊಂದು ಎರಡು ಫ್ಲೆಕ್ಸ್ ಎದ್ದವು. ಒಂದೇ ಮನೆಯಲ್ಲಿ ಅಕ್ಕತಂಗಿ ಇಬ್ಬರೂ ಹೋದರಂತೆ ಎಂದು ಅರ್ಧ ಚಾಮರಾಜಪೇಟೆ ಮರುಗಿತು. ಕೊನೆಗೆ ಯಾರೋ ಬಂದು ಎರಡನ್ನೂ ಕಿತ್ತುಕೊಂಡು ಹೋದರು. ಜಗಳ ಮಾತ್ರ ಉಳಿಯಿತು. ರವಿಯ ಮನೆ ಇರುವುದು ಎರಡು ಕ್ರಾಸ್ ಆಚೆ. ಹಾಲು ತರಲು ಹೋದಾಗ ಎದುರಾದರೆ ಅಣ್ಣ ಲೈಟುಕಂಬ ನೋಡುತ್ತಾನೆ, ತಮ್ಮ ಮೊಬೈಲು ನೋಡುತ್ತಾನೆ.

ಅಮ್ಮ ಹೋದ ಮೇಲೆ ಬಂದ ಮೊದಲ ಹಿರಿಯರ ಹಬ್ಬ ಇದು. ತಮ್ಮನನ್ನು ಭಾವ ಕರೆಯಲಿಲ್ಲ. ತಮ್ಮನೂ ಅವನ ಮನೆಯಲ್ಲೇ ಬೇರೆ ಎಡೆ ಇಡುತ್ತಾನೆಂದು ಸುದ್ದಿ ಬಂತು. ಇದು ಸರಸ್ವತಮ್ಮನವರ ಅಕ್ಕ ಕಮಲಮ್ಮನವರ ಕಿವಿಗೆ ಬಿತ್ತು. ಇವರನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತೇವೆ. ವಯಸ್ಸಾಗಿದೆ, ಶುಗರ್ ಇದೆ, ಧ್ವನಿಗೆ ಮಾತ್ರ ಏನೂ ಆಗಿಲ್ಲ. ಬೆಳಗ್ಗೆಯೇ ಆಟೋದಲ್ಲಿ ಬಂದಿಳಿದು, ಚಪ್ಪಲಿ ಬಿಡುವ ಮೊದಲೇ ತೀರ್ಪು ಕೊಟ್ಟರು.

‘ನೋಡಪ್ಪ ನಂದೀಶ, ಕಾಗೆ ಎಡೆ ಮುಟ್ತು ಅಂದ್ರೆ ಸರಸ್ವತಿಗೆ ಸಮಾಧಾನ ಆಯ್ತು ಅಂತ. ನಾನು ಬಾಯಿ ಮುಚ್ಕೊಂಡು ಉಂಡು ಹೋಗ್ತೀನಿ. ಮುಟ್ಟಲಿಲ್ಲ ಅಂದ್ರೆ ಅವಳಿಗೆ ಮಕ್ಕಳು ಹಿಂಗಾದ್ರಲ್ಲ ಅನ್ನೋ ಕೊರಗು ಹೋಗಿಲ್ಲ ಅಂತ. ಆಗ ನೀನೇ ಫೋನ್ ಮಾಡಿ ರವಿನ ಕರೀಬೇಕು. ಅಲ್ಲಿ ತನಕ ನಾನು ಒಂದು ತುತ್ತು ಮುಟ್ಟಲ್ಲ.’

ದೊಡ್ಡಮ್ಮ ಮುಟ್ಟದಿದ್ದರೆ ಮನೆಯಲ್ಲಿ ಯಾರೂ ಮುಟ್ಟುವಂತಿಲ್ಲ. ಹೀಗಾಗಿ ಭಾವನ ಮಾನ, ದೊಡ್ಡಮ್ಮನ ಶುಗರ್ ಮತ್ತು ನನ್ನ ಹೊಟ್ಟೆ, ಮೂರೂ ಒಂದು ಕಾಗೆಯ ಕೈಯಲ್ಲಿ ಸಿಕ್ಕಿಕೊಂಡವು.

ಆ ದಿನ ಚಾಮರಾಜಪೇಟೆಯ ಕಾಗೆಗಳಿಗೆ ಇರುವ ಡಿಮ್ಯಾಂಡು ನಿಮಗೆ ಗೊತ್ತಿಲ್ಲದ್ದೇನಲ್ಲ. ತಾರಸಿ ತಾರಸಿಯ ಮೇಲೂ ಎಲೆ, ಎಲೆಯ ಪಕ್ಕದಲ್ಲಿ ಆಕಾಶ ನೋಡುತ್ತ ಕಾಕಾ ಎನ್ನುವ ಒಬ್ಬ ಗಂಡಸು. ಇರುವ ನಾಲ್ಕು ಕಾಗೆ ಎಷ್ಟು ಮನೆಗೆಂದು ಹೋಗಬೇಕು? ಅಕ್ಕ ಬಿಂದುಶ್ರೀ ಅತ್ತೆಗೆ ಇಷ್ಟವಾದದ್ದನ್ನೆಲ್ಲ ಮಾಡಿದ್ದಳು. ಮುದ್ದೆ, ಮಟನ್ ಸಾರು, ಕೈಮಾ ಉಂಡೆ, ಎಳ್ಳುಂಡೆ, ಒಂದು ಬೀಡಾ. ಎಲೆಯನ್ನು ತಾರಸಿಯಲ್ಲಿಟ್ಟು ಭಾವನನ್ನು ಕಾವಲಿಗೆ ನಿಲ್ಲಿಸಿ ನಾವು ಕೆಳಗೆ ಬಂದೆವು. ಕೆಳಗೆ ಸಾರಿನ ವಾಸನೆ. ನಾನು ಅದನ್ನು ಸಹಿಸಿಕೊಂಡು ಕೂತೆ.

ಬಿಸಿಲು ನೆತ್ತಿಗೇರಿದ ಮೇಲೆ ಮೇಲಿನಿಂದ ಭಾವನ ಕೂಗು ಕೇಳಿತು. ಮುಟ್ತು, ಕಾಗೆ ಮುಟ್ತು, ಕೈಮಾ ಉಂಡೆ ಎತ್ಕೊಂಡು ಹೋಯ್ತು. ದೊಡ್ಡಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಅಕ್ಕ ಕಣ್ಣೊರೆಸಿಕೊಂಡು ಎಲೆ ಹಾಕಿದಳು. ನಾನು ಎಲೆಗೆ ನೀರು ಚಿಮುಕಿಸಿ, ಅಂಗಿಯ ಬಲತೋಳು ಮಡಿಚಿ ತಯಾರಾದೆ. ಮುದ್ದೆ ಬಂತು. ಸಾರಿನ ಸೌಟು ಇನ್ನೇನು ಬಗ್ಗಬೇಕು, ಆಗ ದೊಡ್ಡಮ್ಮನ ಧ್ವನಿ ಮೆಟ್ಟಿಲು ಇಳಿದು ಬಂತು.

‘ಬಿಂದು, ಎಲೆ ಎತ್ತು.’

ಮೇಲೆ ಹೋಗಿ ನೋಡಿದರೆ ಪಕ್ಕದ ತಾರಸಿಯಲ್ಲಿ ಪಂಚಾಕ್ಷರಯ್ಯನವರು ನಿಂತಿದ್ದರು. ಇವರದು ಮಾಮೂಲ್‌ಪೇಟೆಯಲ್ಲಿ ತಲೆಮಾರಿನಿಂದ ಬಂದ ಅಂಗಡಿ. ಅದನ್ನು ಮಗ ರುದ್ರೇಶನಿಗೆ ಒಪ್ಪಿಸಿದ ಮಾರನೆಯ ದಿನದಿಂದ ಇವರಿಗೆ ಹಕ್ಕಿ ನೋಡುವ ಹುಚ್ಚು ಹಿಡಿದಿದೆ. ಮೈತುಂಬ ಜೇಬಿರುವ ಒಂದು ಜಾಕೆಟ್ಟು, ಅಗಲ ಅಂಚಿನ ಟೋಪಿ, ಕೊರಳಲ್ಲಿ ದುರ್ಬೀನು. ಮೊಸರು ತರಲು ಹೋದರೂ ದುರ್ಬೀನು ಇಳಿಸುವುದಿಲ್ಲ. ಬಹಳ ಸಭ್ಯ ಮನುಷ್ಯ. ಅಂಥವರಿಂದಲೇ ಜಾಸ್ತಿ ತೊಂದರೆ.

‘ಕ್ಷಮಿಸಬೇಕು ನಂದೀಶ್,’ ಎಂದರು ಅವರು. ‘ಹಬ್ಬದ ದಿನ ಮಧ್ಯೆ ಬಾಯಿ ಹಾಕಬಾರದು. ಆದ್ರೆ ಅದು ಕಾಗೆ ಅಲ್ಲ, ಕೆಂಬೂತ.’

ಹಕ್ಕಿ ಬಂದ ಹೊತ್ತಿಗೆ ಭಾವ ನೆರಳಿಗೆಂದು ನೀರಿನ ಟ್ಯಾಂಕಿನ ಹಿಂದೆ ಹೋಗಿದ್ದರಂತೆ. ಕಂಡದ್ದು ಹಾರಿಹೋದ ಹಕ್ಕಿಯ ಹಿಂಭಾಗ ಮಾತ್ರ. ಇದು ಆಮೇಲೆ ನನಗೆ ತಿಳಿದದ್ದು. ಆಗ ಮಾತ್ರ ಎದೆ ಸೆಟೆಸಿ, ತಾನು ಫಾರೆಸ್ಟಿನಲ್ಲಿರುವವನು, ತನಗೆ ಕಾಗೆ ಗೊತ್ತಾಗುವುದಿಲ್ಲವೇ ಎಂದುಬಿಟ್ಟರು. ಪಂಚಾಕ್ಷರಯ್ಯನವರು ಇದನ್ನು ಕೇಳಿ ಗೌರವದಿಂದ ಟೋಪಿ ತೆಗೆದರು. ತೆಗೆದವರು ಸುಮ್ಮನಾಗಬಾರದೇ?

‘ಹಾಗಾದ್ರೆ ನೀವೇ ನೋಡಿರ್ತೀರಲ್ಲ. ರೆಕ್ಕೆ ಇಟ್ಟಿಗೆ ಬಣ್ಣ ಇತ್ತು.’

‘ಬಿಸಿಲಿಗೆ ಹಾಗೆ ಕಾಣುತ್ತೆ ಸಾರ್.’

‘ಬಾಲ ಉದ್ದ.’

‘ಕೆಲವಕ್ಕೆ ಇರುತ್ತೆ.’

‘ಕಣ್ಣು ಕೆಂಪಗಿತ್ತು.’

‘ನಿದ್ದೆ ಕೆಟ್ಟಿರುತ್ತೆ.’

ಪಂಚಾಕ್ಷರಯ್ಯನವರು ತಮ್ಮ ಜೇಬೊಂದರಿಂದ ಪುಸ್ತಕ ತೆಗೆದು ತೋರಿಸಲು ಬಂದರು. ದೊಡ್ಡಮ್ಮ ಕೈಯಡ್ಡ ಮಾಡಿದರು. ಅವರ ಪುಸ್ತಕ ಅವರ ಕಡೆಗೇ ಮಾತಾಡುತ್ತದೆ, ಎರಡು ಕಡೆಯವರೂ ಅವರವರ ಕಾಗದಪತ್ರ ತಂದು ಇಟ್ಟರೆ ಮಾತ್ರ ನ್ಯಾಯ ಎಂದರು. ಆಮೇಲೆ ಭಾವನ ಕಡೆ ತಿರುಗಿ, ಫಾರೆಸ್ಟಿನವನ ಮನೆಯಲ್ಲಿ ಒಂದು ಹಕ್ಕಿ ಪುಸ್ತಕ ಇಲ್ಲವೇ ಎಂದು ಕೇಳಿದರು. ಭಾವ, ‘ಇದೆ ದೊಡ್ಡಮ್ಮ. ಆಫೀಸಲ್ಲಿದೆ. ತಂದ್ಬಿಡ್ತೀನಿ’ ಎಂದರು. ರಜೆಯ ದಿನ ಆಫೀಸಿನ ಬೀಗ ಯಾರು ತೆಗೆಯುತ್ತಾರೆ ಎಂದು ಕೇಳುವಷ್ಟು ಶಕ್ತಿ ನನಗಿರಲಿಲ್ಲ. ಅಷ್ಟರಲ್ಲಿ ನನ್ನ ರಟ್ಟೆ ಹಿಡಿದು ಸ್ಕೂಟರಿನ ಹಿಂದೆ ಕೂರಿಸಿಯೂ ಆಗಿತ್ತು.

ಸ್ಕೂಟರು ಮಲ್ಲೇಶ್ವರದ ಕಡೆ ತಿರುಗಲಿಲ್ಲ. ಗಾಂಧಿ ಬಜಾರಿನ ಕಡೆ ಹೊರಟಿತು. ದಾರಿಯಲ್ಲಿ ಭಾವ ಹೆಲ್ಮೆಟ್ಟಿನೊಳಗಿನಿಂದಲೇ ನನಗೆ ಸತ್ಯ ಹೇಳಿದರು.

‘ಮುತ್ತು, ನಂಗೆ ಕಾಗೆ, ಪಾರಿವಾಳ, ಗುಬ್ಬಿ ಬಿಟ್ರೆ ಬೇರೆ ಹಕ್ಕಿ ಗೊತ್ತಿಲ್ಲ ಕಣೋ. ಗುಬ್ಬಿ ಈಗ ಕಾಣೋದೂ ಇಲ್ಲ.’

ಹಾಗಾದರೆ ಇಷ್ಟೆಲ್ಲ ಯಾಕೆ, ರವಿಗೆ ಒಂದು ಫೋನ್ ಮಾಡಿಬಿಟ್ಟರೆ ಎಲ್ಲರೂ ಉಂಡು ಮಲಗಬಹುದಲ್ಲ ಎಂದು ನಾನು ಹೇಳಿದೆ. ಸ್ಕೂಟರು ಒಂದು ಎಳನೀರಿನ ಗಾಡಿಯ ಮೇಲೆ ಹೋಗುವಂತಾಗಿ ಉಳಿಯಿತು. ಅವನು ಚಿಕ್ಕವನು, ಅವನು ಮಾಡಲಿ, ಅಮ್ಮನ ಹಲ್ಲು ಬೀದಿಗೆಲ್ಲ ತೋರಿಸಿದವನು ಅವನು ಎಂದು ಭಾವ ಗಾಂಧಿ ಬಜಾರು ಬರುವ ತನಕ ಹೇಳುತ್ತಲೇ ಇದ್ದರು. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಸಣ್ಣ ದನಿಯಲ್ಲಿ, ‘ಅಮ್ಮ ನಿಜವಾಗ್ಲೂ ಕೊರಗ್ತಿದಾಳಾ ಮುತ್ತು?’ ಎಂದು ಕೇಳಿದರು. ಸಿಗ್ನಲ್ಲು ಹಸಿರಾಯಿತು ಎಂದು ಮಾತ್ರ ಹೇಳಿದೆ. ಹಸಿದವನ ಉತ್ತರಕ್ಕೆ ಬೆಲೆಯಿಲ್ಲ.

ಶೀನಣ್ಣನ ಪುಸ್ತಕದಂಗಡಿಯ ಶಟರು ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆವು. ಶೀನಣ್ಣ ಪುಸ್ತಕ ಮಾರುವವರಲ್ಲ, ಹೆಣ್ಣು ಕೊಡುವವರ ಹಾಗೆ ವಿಚಾರಿಸಿ ಕೊಡುವವರು. ಹಕ್ಕಿ ಪುಸ್ತಕ ಎಂದ ಕೂಡಲೇ ಕನ್ನಡಕ ಏರಿಸಿ ಶುರು ಮಾಡಿದರು. ಫೋಟೋ ಇರುವುದು ಬೇಕೋ, ಚಿತ್ರ ಬರೆದಿರುವುದೋ? ಫೋಟೋ ಆದರೆ ಆ ಒಂದು ಹಕ್ಕಿ ಆ ಒಂದು ಬೆಳಕಿನಲ್ಲಿ ಹೇಗಿತ್ತೋ ಹಾಗೆ ಮಾತ್ರ ಕಾಣುತ್ತದೆ. ಚಿತ್ರವಾದರೆ ಗುರುತುಗಳನ್ನು ಎತ್ತಿ ತೋರಿಸಿರುತ್ತಾರೆ. ಇಡೀ ದೇಶದ ಹಕ್ಕಿಗಳೋ, ನಮ್ಮ ಕಡೆಯವೋ? ಕೈಯಲ್ಲಿ ಹಿಡಿದು ಓಡಾಡುವುದಕ್ಕೋ, ಮನೆಯಲ್ಲಿಟ್ಟು ನೋಡುವುದಕ್ಕೋ?

‘ಕಾಗೆ ಜಾಸ್ತಿ ಇರೋದು ಕೊಡಿ’ ಎಂದರು ಭಾವ.

ಶೀನಣ್ಣ ಒಂದು ದಪ್ಪ ಪುಸ್ತಕ ಇಳಿಸಿದರು. ಅದರಲ್ಲಿ ಕಾಗೆಗಳು ಬೇಕಾದಷ್ಟಿದ್ದವು. ಊರುಕಾಗೆ, ಕಾಡುಕಾಗೆ, ಹಿಮಾಲಯದ ಕಡೆಯ ಯಾವುವೋ ದೊಡ್ಡ ದೊಡ್ಡವು. ಭಾವ ಒಂದೊಂದರ ಮೇಲೂ ಬೆರಳಿಟ್ಟು ರೆಕ್ಕೆ ನೋಡಿದರು. ಇಷ್ಟೊಂದರಲ್ಲಿ ಇಟ್ಟಿಗೆ ಬಣ್ಣದ ರೆಕ್ಕೆ ಒಂದಕ್ಕಾದರೂ ಇರಬಾರದೇ ಎಂದು ಗೊಣಗಿದರು. ಆ ಪುಟದಲ್ಲೇ ಕಾಗೆಯ ಕುಲಕ್ಕೆ ಸೇರಿದ ಕಂದು ಮೈಯ, ಉದ್ದ ಬಾಲದ ಮಟಪಕ್ಷಿ ಕಂಡಾಗ ಅವರ ಮುಖ ಅರಳಿತು. ನೀವು ನೋಡಿದ್ದು ಇದೇನಾ ಎಂದು ಶೀನಣ್ಣ ಕೇಳಿದರು. ‘ನೋಡಿದ್ದು ಇದಲ್ಲ. ಇದನ್ನ ನೋಡಿದ್ರೆ ಚೆನ್ನಾಗಿತ್ತು’ ಎಂದು ಭಾವ ನಿಟ್ಟುಸಿರು ಬಿಟ್ಟರು.

ಎರಡನೆಯದು ಜೇಬಿಗೆ ಹಿಡಿಸುವ ಪುಸ್ತಕ, ನಮ್ಮ ಕಡೆಯ ಹಕ್ಕಿಗಳದ್ದು. ಒಳ್ಳೆಯ ಚಿತ್ರಗಳು, ಕನ್ನಡದ ಹೆಸರುಗಳು, ಎಲ್ಲಿರುತ್ತದೆ, ಏನು ತಿನ್ನುತ್ತದೆ, ಎಲ್ಲ ಇತ್ತು. ಕೆಂಬೂತದ ಪುಟ ತೆಗೆದರೆ ಅದರ ಕೆಂಪು ಕಣ್ಣು ನೇರವಾಗಿ ಭಾವನನ್ನೇ ನೋಡುತ್ತಿತ್ತು. ಭಾವ ಪಟ್ಟನೆ ಮುಚ್ಚಿ, ಮುದ್ರಣ ಸ್ವಲ್ಪ ಮಸುಕಾಗಿರುವುದು ಇದ್ದರೆ ಕೊಡಿ ಎಂದರು.

ಶೀನಣ್ಣ ಬೆಚ್ಚಿದರು. ಜನ ಸ್ಪಷ್ಟವಾಗಿರುವುದು ಬೇಕು ಎನ್ನುತ್ತಾರೆ, ನಾನು ಇಷ್ಟು ಕಾಲದ ವ್ಯಾಪಾರದಲ್ಲಿ ಮಸುಕು ಕೇಳಿದವರನ್ನು ಕಂಡಿಲ್ಲ ಎಂದರು. ಅಷ್ಟರಲ್ಲಿ ಅಕ್ಕನ ಫೋನು. ದೊಡ್ಡಮ್ಮ ಶುಗರ್ ಮಾತ್ರೆ ನುಂಗಿಬಿಟ್ಟಿದ್ದಾರೆ, ಮೇಲೆ ಒಂದು ಲೋಟ ಮಜ್ಜಿಗೆ ಕೊಟ್ಟರೂ ಮುಟ್ಟುತ್ತಿಲ್ಲ, ತಲೆ ತಿರುಗಿ ಬಿದ್ದರೆ ನಾನೇನು ಮಾಡಲಿ ಎಂದು ಅವಳು ಅಳುವ ಹಾಗಾಗಿದ್ದಳು. ಭಾವ ಫೋನಿಟ್ಟು ಮೂಲೆಯ ಕಪಾಟಿನಿಂದ ಒಂದು ತೆಳು ಪುಸ್ತಕ ಎಳೆದರು. ಅದರಲ್ಲಿ ಹಕ್ಕಿಗಳೆಲ್ಲ ಬರೀ ಗೆರೆಯಲ್ಲಿದ್ದವು. ಕೆಂಬೂತದ ಅಡಿಯಲ್ಲಿ, ಕೆಲವು ಕಡೆ ಇದನ್ನು ಸಾಂಬಾರ ಕಾಗೆ ಎಂದೂ ಕರೆಯುತ್ತಾರೆ ಎಂದು ಒಂದು ಸಾಲಿತ್ತು. ಭಾವ ಅದನ್ನು ಎದೆಗೆ ಅವಚಿಕೊಂಡರು.

‘ಅದು ಮಕ್ಕಳು ಬಣ್ಣ ತುಂಬೋ ಪುಸ್ತಕ ಸಾರ್’ ಎಂದರು ಶೀನಣ್ಣ.

‘ಪರವಾಗಿಲ್ಲ. ನಾನೇ ತುಂಬ್ಕೋತೀನಿ. ಒಂದು ಕಪ್ಪು ಸ್ಕೆಚ್ ಪೆನ್ನೂ ಕೊಡಿ.’

ಶೀನಣ್ಣನ ಮನಸ್ಸು ಒಪ್ಪಲಿಲ್ಲ. ಹಕ್ಕಿ ಗುರುತಿಸಬೇಕು ಅಂತ ಬಂದವರಿಗೆ ಬರೀ ಇದನ್ನು ಕೊಟ್ಟು ಕಳಿಸಿದರೆ ನನಗೆ ನಿದ್ದೆ ಬರಲ್ಲ ಎಂದು, ಆ ಕೆಂಪು ಕಣ್ಣಿನ ಜೇಬು ಪುಸ್ತಕವನ್ನೂ ಜೊತೆಗೆ ಸೇರಿಸದ ಹೊರತು ಬಿಲ್ಲು ಹಾಕಲಿಲ್ಲ. ಭಾವ ಅದನ್ನು ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿದರು. ಆಮೇಲೆ ಅರಣ್ಯ ಇಲಾಖೆಯ ಆ ನೌಕರರು ರಸ್ತೆಬದಿಯಲ್ಲಿ, ಸ್ಕೂಟರಿನ ಸೀಟಿನ ಮೇಲೆ ಪುಸ್ತಕ ಹರಡಿ, ನಾಲಿಗೆ ತುದಿ ಕಚ್ಚಿಕೊಂಡು, ಒಂದು ಕೆಂಬೂತಕ್ಕೆ ಕೊಕ್ಕಿನಿಂದ ಬಾಲದವರೆಗೆ ಕಪ್ಪು ಬಳಿದರು. ಹೂವು ಮಾರುವಾಕೆ ಬಂದು ನೋಡಿ, ಗೆರೆ ದಾಟುತ್ತಿದೆ ಎಂದು ಹೇಳಿ ಹೋದಳು.

ನಾವು ಮನೆ ಮುಟ್ಟಿದಾಗ ತಾರಸಿ ನ್ಯಾಯಾಲಯದ ಹಾಗಿತ್ತು. ದೊಡ್ಡಮ್ಮ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಮುಖ ಸ್ವಲ್ಪ ಸೋತಿತ್ತು. ಪಂಚಾಕ್ಷರಯ್ಯನವರು ತಮ್ಮ ಕಡೆಯ ಗೋಡೆಗೆ ಎರಡು ಪುಸ್ತಕ ಒರಗಿಸಿ ಕಾಯುತ್ತಿದ್ದರು. ಭಾವ ಪುಸ್ತಕವನ್ನು ದೊಡ್ಡಮ್ಮನ ಮುಂದೆ ಹಿಡಿದು, ಇಲಾಖೆಯ ಪುಸ್ತಕ ಎಂದು ಹೇಳಿ, ‘ಸಾಂಬಾರ ಕಾಗೆ’ ಎಂಬ ಎರಡು ಪದಗಳನ್ನು ಮಾತ್ರ ಗಟ್ಟಿಯಾಗಿ ಓದಿದರು.

ಕಾಗೆ ಅಂತಲೇ ಇದೆಯಲ್ಲ ಎಂದು ದೊಡ್ಡಮ್ಮನ ಮುಖ ಸಡಿಲವಾಯಿತು. ಪಂಚಾಕ್ಷರಯ್ಯನವರು ತಲೆಯಾಡಿಸಿ, ಹೆಸರು ಜನ ಇಟ್ಟದ್ದು, ಕುಲ ಮಾತ್ರ ಕೋಗಿಲೆಯದು ಎಂದರು. ದೊಡ್ಡಮ್ಮ ಸ್ವಲ್ಪ ಯೋಚಿಸಿದರು.

‘ಕೋಗಿಲೆ ಮರಿ ಬೆಳೆಯೋದು ಕಾಗೆ ಗೂಡಲ್ಲಿ ತಾನೆ ಯಜಮಾನ್ರೇ? ಹಂಗಾದ್ರೆ ಅದು ಕಾಗೆಗೆ ಸಾಕುಮಗ. ಸಾಕುಮಗ ಎಡೆ ಮುಟ್ಟಿದ್ರೆ ನಡೆಯುತ್ತೆ.’

ಇಷ್ಟು ಒಳ್ಳೆಯ ವಾದವನ್ನು ನಾನು ಯಾವ ವಕೀಲರ ಬಾಯಲ್ಲೂ ಕೇಳಿಲ್ಲ. ನಾನು ಮೆಟ್ಟಿಲಿನ ಕಡೆ ಓಡಲು ಒಂದು ಕಾಲು ಎತ್ತಿದೆ. ಆದರೆ ಪಂಚಾಕ್ಷರಯ್ಯನವರು ಬಹಳ ವಿನಯದಿಂದ, ಕೆಂಬೂತ ಬೇರೆಯವರ ಗೂಡಿನಲ್ಲಿ ಮೊಟ್ಟೆ ಇಡುವುದಿಲ್ಲ ತಾಯಿ, ಕಷ್ಟಪಟ್ಟು ಸ್ವಂತ ಗೂಡು ಕಟ್ಟಿಕೊಳ್ಳುತ್ತದೆ ಎಂದರು. ಆ ಹಕ್ಕಿಯ ಸ್ವಾಭಿಮಾನಕ್ಕೆ ಬೆಂಕಿ ಹಾಕ ಎಂದುಕೊಂಡು ಎತ್ತಿದ ಕಾಲನ್ನು ಕೆಳಗಿಟ್ಟೆ.

ದೊಡ್ಡಮ್ಮ ಕಣ್ಣು ಕಿರಿದು ಮಾಡಿ ಪುಸ್ತಕದ ಚಿತ್ರದ ಮೇಲೆ ಹೆಬ್ಬೆರಳಿಟ್ಟು ನೋಡಿದರು. ಹೆಬ್ಬೆರಳು ಎತ್ತಿದಾಗ ಅದು ಕಪ್ಪಗಾಗಿತ್ತು. ಅದನ್ನು ಅವರು ಬೆಳಕಿಗೆ ಹಿಡಿದರು. ಆಮೇಲೆ ನಮಗೆಲ್ಲ ಕಾಣುವ ಹಾಗೆ ತಿರುಗಿಸಿದರು.

‘ನಿಮ್ಮ ಇಲಾಖೆದು ಇನ್ನೂ ಒಣಗಿಲ್ಲ ನಂದೀಶ.’

ಅಕ್ಕ ನೆಲ ನೋಡಿದಳು. ಪಂಚಾಕ್ಷರಯ್ಯನವರು ಇಲ್ಲದ ಹಕ್ಕಿಯೊಂದನ್ನು ದುರ್ಬೀನಿನಲ್ಲಿ ಹುಡುಕತೊಡಗಿದರು. ದೊಡ್ಡಮ್ಮ ಬೈಯಲಿಲ್ಲ. ಬೈದಿದ್ದರೆ ಭಾವನಿಗೆ ಒಳ್ಳೆಯದಿತ್ತು. ‘ಫೋನ್ ಮಾಡು’ ಎಂದಷ್ಟೇ ಹೇಳಿ ಕಣ್ಣು ಮುಚ್ಚಿದರು. ಭಾವ ಮೊಬೈಲು ತೆಗೆದು ರವಿಯ ಹೆಸರಿನ ಮೇಲೆ ಬೆರಳು ತಂದರು, ತೆಗೆದರು, ಮತ್ತೆ ತಂದರು. ಆಗ ಆ ಫೋನೇ ಬಡಿದುಕೊಳ್ಳತೊಡಗಿತು. ರವಿಯದೇ.

ಗಾಬರಿಯಲ್ಲಿ ಭಾವ ಎಲ್ಲೆಲ್ಲೋ ಒತ್ತಿ ಸ್ಪೀಕರ್ ಆನ್ ಆಯಿತು.

‘ನಮಸ್ಕಾರ. ಅರಣ್ಯ ಇಲಾಖೆಯ ನಂದೀಶ್ ಅವರಾ?’

‘ಹೌದು. ತಾವು?’

‘ರವಿಕುಮಾರ್ ಅಂತ, ಚಾಮರಾಜಪೇಟೆ. ಒಂದು ಹಕ್ಕಿ ವಿಷಯ ವಿಚಾರಿಸಬೇಕಿತ್ತು.’

‘ವಿಚಾರಿಸಿ.’

ಒಡಹುಟ್ಟಿದ ಅಣ್ಣತಮ್ಮಂದಿರು ಹೀಗೆ ಸರ್ಕಾರಿ ಭಾಷೆಯಲ್ಲಿ ಮಾತಿಗೆ ಶುರು ಮಾಡಿದರು. ರವಿ ವಿಷಯ ಹೇಳಿದ. ಅವರ ಮನೆಯ ತಾರಸಿಯಲ್ಲಿ ಬೆಳಗ್ಗೆಯಿಂದ ಎಡೆ ಇಟ್ಟಿದ್ದರು, ಒಂದು ಕಾಗೆಯೂ ಬರಲಿಲ್ಲ. ಈಗ ತಾನೆ ಒಂದು ಹಕ್ಕಿ ಬಂದು ಕೈಮಾ ಉಂಡೆ ಎತ್ತಿಕೊಂಡು ಹೋಯಿತು. ಹೆಂಡತಿ ಅದು ಕಾಗೆಯೇ ಎನ್ನುತ್ತಾಳೆ, ಮಾವನವರು ಅಲ್ಲವೇ ಅಲ್ಲ ಎಂದು ಹಟ ಹಿಡಿದಿದ್ದಾರೆ, ಮನೆಮಂದಿಯೆಲ್ಲ ಉಪವಾಸ.

ಭಾವ ಮೆಲ್ಲಗೆ ಕೇಳಿದರು. ‘ರೆಕ್ಕೆ?’

‘ಇಟ್ಟಿಗೆ ಬಣ್ಣ. ಬಾಲ ಉದ್ದ.’

‘ಕಣ್ಣು?’

‘ಕೆಂಪು. ಕಾಗೆ ಅಂದ್ಬಿಡಿ ಸಾರ್, ಸಾಕು. ಇಲಾಖೆಯೋರು ಹೇಳಿದ್ರು ಅಂದ್ರೆ ಇಲ್ಲಿ ಎಲ್ರೂ ಒಪ್ತಾರೆ.’

ಇಲ್ಲಿ ಸ್ವಲ್ಪ ನಿಲ್ಲಿ. ಭಾವನಿಗೆ ಇಡೀ ಹಬ್ಬದಲ್ಲಿ ಇಂಥ ಅದೃಷ್ಟ ಬಂದಿರಲಿಲ್ಲ. ಫೋನು ಮಾಡಿದವನು ತಮ್ಮ, ಅಣ್ಣ ಸೋಲಲಿಲ್ಲ. ಹೌದು ಕಾಗೆ ಎಂದು ಒಂದು ಮಾತು ಹೇಳಿದರೆ ತಮ್ಮನ ಮನೆಯವರು ಉಣ್ಣುತ್ತಾರೆ, ಅಲ್ಲಿ ಕಾಗೆಯಾದದ್ದು ಇಲ್ಲಿಯೂ ಕಾಗೆಯಾಗುತ್ತದೆ, ದೊಡ್ಡಮ್ಮನಿಗೂ ಒಂದು ದಾರಿ ಸಿಗುತ್ತದೆ, ನನ್ನ ಎಲೆಗೆ ಸಾರು ಬೀಳುತ್ತದೆ. ಮಧ್ಯಾಹ್ನದಿಂದ ಅದು ಕಾಗೆಯೇ ಎಂದು ಹೇಳಲು ಒದ್ದಾಡಿದ ಮನುಷ್ಯ ಇನ್ನೊಂದು ಸಲ ಹೇಳಿದ್ದರೆ ಯಾರಿಗೂ ನಷ್ಟವಿರಲಿಲ್ಲ. ನಾನು ಕಣ್ಣಲ್ಲೇ ಬೇಡಿಕೊಂಡೆ.

ಭಾವ ಹಿಂದಿನ ಜೇಬಿನಿಂದ ಶೀನಣ್ಣ ಕೊಟ್ಟ ಪುಸ್ತಕ ಎಳೆದು ಪುಟ ತೆಗೆದರು. ಬಣ್ಣ ತುಂಬಿದ ಪುಸ್ತಕ ಕಾಲ ಬಳಿ ಬಿತ್ತು.

ಆಚೆಯಿಂದ ರವಿ ಕಾದು ಕಾದು, ಸಾರ್ ಬಿಟ್ಟು ಬೇರೆ ದನಿಯಲ್ಲಿ ಮಾತಾಡಿದ. ‘ಅಣ್ಣ, ಅಮ್ಮ ನಮ್ಮನೆ ಎಡೆ ಮುಟ್ಟೋದೇ ಇಲ್ವೇನೋ ಅಂತ ಭಯ ಆಗ್ತಿದೆ.’

‘ನಮ್ಮನೇದೂ ಮುಟ್ಟಿಲ್ಲ ಕಣೋ,’ ಎಂದರು ಭಾವ. ‘ಅದು ಕಾಗೆ ಅಲ್ಲ. ಕೆಂಬೂತ. ಆಗಲೇ ನಮ್ಮನೆಗೂ ಅದೇ ಬಂದಿದ್ದು.’

‘ಇಲಾಖೆ ಹೇಳ್ತಿರೋದಾ?’

‘ಇಲಾಖೇಲಿ ನಾನು ಪೆನ್ಷನ್ ಫೈಲ್ ನೋಡೋನು. ನಂಗೆ ಯಾವ ಹಕ್ಕೀನೂ ಗೊತ್ತಿಲ್ಲ. ನಿಮ್ಮಣ್ಣ ಹೇಳ್ತಿದೀನಿ. ಎಡೆ ಎತ್ಕೊಂಡು ಎಲ್ರೂ ಇಲ್ಲಿಗೇ ಬಂದ್ಬಿಡಿ.’

ಫೋನಿನಲ್ಲಿ ಮೂಗು ಒರೆಸಿಕೊಂಡ ಸದ್ದು ಕೇಳಿತು. ಭಾವ ಆಚೆ ತಿರುಗಿ ನಿಂತು ಟ್ಯಾಂಕಿನ ಪೈಪನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸಿದರು. ದೊಡ್ಡಮ್ಮ ಕಣ್ಣು ಬಿಟ್ಟು, ಪೆನ್ಷನ್ನಾ ಎಂದು ಕೇಳಿದರು. ತಮ್ಮ ಯಜಮಾನರ ಪೆನ್ಷನ್ನಿನ ಕಾಗದ ಎಲ್ಲೋ ಸಿಕ್ಕಿಕೊಂಡು ವರ್ಷಗಳಾಗಿವೆ, ಇದು ಮೊದಲೇ ಗೊತ್ತಿದ್ದರೆ ಹಾವು ಗಿಳಿ ಅಂತ ತಲೆ ತಿನ್ನದೆ ಇದನ್ನೇ ಕೇಳುತ್ತಿದ್ದೆನಲ್ಲ ಎಂದು ಬಹಳ ಪೇಚಾಡಿಕೊಂಡರು.

ರವಿ ಎಲೆಯ ಎರಡೂ ಅಂಚು ಹಿಡಿದುಕೊಂಡು, ಎರಡು ಕ್ರಾಸ್ ನಡೆದೇ ಬಂದ. ಹಿಂದೆ ಅವನ ಹೆಂಡತಿ, ಅವರ ಹಿಂದೆ ಕಾಗೆಯಲ್ಲ ಎಂದ ಮಾವನವರು. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎರಡು ಎಲೆಯನ್ನೂ ಪಕ್ಕಪಕ್ಕಕ್ಕೆ ಇಟ್ಟು, ಇಬ್ಬರೂ ಆಕಾಶ ನೋಡಿದರು. ಆಕಾಶದಲ್ಲಿ ಏನೂ ಇರಲಿಲ್ಲ. ಇಷ್ಟೆಲ್ಲ ಆದ ಮೇಲೂ ಕಾಗೆ ಬರದಿದ್ದರೆ ಗತಿಯೇನು ಎಂಬ ಹೆದರಿಕೆ ಎಲ್ಲರ ಮುಖದಲ್ಲೂ ಕಾಣುತ್ತಿತ್ತು. ಅಕ್ಕ ದೊಡ್ಡಮ್ಮನ ಕೈ ಹಿಡಿದುಕೊಂಡು ನಾಡಿ ನೋಡುವವಳ ಹಾಗೆ ನಿಂತಿದ್ದಳು.

ಸುಮ್ಮನಿರಲಾರದೆ ರವಿ ಅಣ್ಣನ ಎಲೆಯ ಕಡೆ ಬಗ್ಗಿ ನೋಡಿ, ‘ಅಮ್ಮನಿಗೆ ಕೈಮಾ ಉಂಡೇಲಿ ಇಷ್ಟು ಖಾರ ಆಗ್ತಿರಲಿಲ್ಲ’ ಎಂದ.

‘ನೋಡಿದ್ರೇ ಖಾರ ಗೊತ್ತಾಗುತ್ತಾ ನಿಂಗೆ?’ ಎಂದರು ಭಾವ.

ಗೊತ್ತಾಗಲಿಕ್ಕೆಂದು ರವಿ ಒಂದು ಉಂಡೆ ಎತ್ತಿ ಬಾಯಿಗೆ ಹಾಕಿಕೊಂಡ. ಭಾವ ಬಿಡುತ್ತಾರೆಯೇ? ತಮ್ಮನ ಎಲೆಯಿಂದ ಒಂದು ಎತ್ತಿ ತಾವೂ ಅಗಿದರು. ಉಪ್ಪೇ ಇಲ್ಲ ಎಂದರು. ಅವನು ಇನ್ನೊಂದು ಎತ್ತಿಕೊಟ್ಟು, ಇದನ್ನು ತಿಂದು ಹೇಳು ಎಂದ. ಅಮ್ಮ ಬೆಳ್ಳುಳ್ಳಿ ಹುರಿದು ಹಾಕುತ್ತಿದ್ದಳು, ಇಲ್ಲ ಹಸಿಯದನ್ನೇ ಜಜ್ಜಿ ಹಾಕುತ್ತಿದ್ದಳು ಎಂದು ಇಬ್ಬರೂ ಬಾಯಿ ತುಂಬಿಕೊಂಡು ಜಗಳ ಮಾಡುತ್ತಿದ್ದಾಗ ಅಕ್ಕ ‘ಅಯ್ಯೋ’ ಎಂದಳು. ಆಗ ಅವರಿಗೆ ತಾವು ಮಾಡಿದ್ದೇನು ಎಂದು ತಿಳಿಯಿತು. ಕಾಗೆ ಮುಟ್ಟುವ ಮೊದಲೇ ಮಕ್ಕಳಿಬ್ಬರೂ ಎಡೆ ಮುಟ್ಟಿದ್ದರು. ಭಾವನ ಬಾಯಿ ಅಗಿಯುವುದನ್ನು ನಿಲ್ಲಿಸಿತು. ರವಿ ನುಂಗಲೂ ಆಗದೆ ಉಗುಳಲೂ ಆಗದೆ ದೊಡ್ಡಮ್ಮನ ಕಡೆ ನೋಡಿದ. ಪಂಚಾಕ್ಷರಯ್ಯನವರು ಗೋಡೆಯಾಚೆಯಿಂದ, ಕಾಗೆ ಇನ್ನೂ ಬಂದಿಲ್ಲವಲ್ಲ ಎಂದು ಸಣ್ಣಗೆ ನೆನಪಿಸಿದರು.

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕುರ್ಚಿಯಿಂದ ಎದ್ದರು.

‘ಅವಳಿಗೆ ಯಾರು ತಿನ್ನಬೇಕಿತ್ತೋ ಅವರು ತಿಂದ್ರು ಯಜಮಾನ್ರೇ. ಇವೆರಡು ಯಾವ ಜಾತಿ ಹಕ್ಕಿ ಅಂತ ನಿಮ್ಮ ಪುಸ್ತಕದಲ್ಲಿ ನಿಧಾನಕ್ಕೆ ನೋಡಿ ಹೇಳಿ. ಬಿಂದು, ಎಲೆ ಹಾಕು.’

ಅಕ್ಕ ಹಾಕುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಓಡಿ ಹೋಗಿ ಎಲ್ಲರಿಗೂ ನಾನೇ ಹಾಕಿದೆ.